ಹುಟ್ಟಿದ ದಿನ ಹಂಚಿದ ಮಾಸ್ತರು

ಅವರು ನನ್ನನ್ನು ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ. ಒಂದನೇ ತರಗತಿಯ ಹಾಜರಿಯಿಂದ ಹಿಡಿದು, ಸುರಪುರದ ಮನೆಯ ಪಡಸಾಲೆಯಲ್ಲಿ ಹಾಸಿಗೆ ಹಿಡಿದ ಕೊನೆಯ ದಿನಗಳವರೆಗೂ ನಾನು ಅವರಿಗೆ ‘ನವೆಂಬರ್ ಇಪ್ಪತ್ತಾರು’. ಬಾಗಿಲಲ್ಲಿ ನೆರಳು ಕಂಡರೆ ಸಾಕು, ಮಲಗಿದ್ದಲ್ಲಿಂದಲೇ, “ಯಾರಪಾ, ನವೆಂಬರ್ ಇಪ್ಪತ್ತಾರೇನು? ಟಪಾಲ ತಂದೀಯೋ, ಬರೇ ಕೈಲೆ ಬಂದೀಯೋ?” ಅನ್ನುತ್ತಿದ್ದರು. ಅಂಚೆಯವನು ಬರಿಗೈಯಲ್ಲಿ ಬರಬಾರದು ಎಂಬುದು ಅವರ ಹಳೆಯ ತಮಾಷೆ. ನಾನು ಶಹಾಪುರ ತಾಲ್ಲೂಕಿನ ಗೋಗಿಯ ಆಚೆಗಿನ ನಮ್ಮ ಊರಿನಲ್ಲಿ ಮೂವತ್ತು ವರ್ಷದಿಂದ ಅಂಚೆ ಕೆಲಸ ಮಾಡಿಕೊಂಡಿದ್ದೇನೆ.

ನಾನೊಬ್ಬನೇ ಅಲ್ಲ, ಅವರ ಕೈಯಲ್ಲಿ ಕಲಿತ ಎಲ್ಲರಿಗೂ ಇಂಥದೊಂದು ತಾರೀಖಿನ ಹೆಸರಿತ್ತು. ನಮ್ಮ ಪಕ್ಕದ ಓಣಿಯ ಹುಡುಗಿ ‘ಜುಲೈ ಇಪ್ಪತ್ತು’. ಅಂದು ಮನುಷ್ಯ ಚಂದ್ರನ ಮೇಲೆ ಇಳಿದ. ಹಿಟ್ಟಿನ ಗಿರಣಿಯವರ ಮಗ ‘ಸೆಪ್ಟೆಂಬರ್ ಹದಿನೇಳು’. ಅಂದು ನಮ್ಮ ಸೀಮೆ ನಿಜಾಮನ ಕೈಬಿಟ್ಟು ಭಾರತಕ್ಕೆ ಸೇರಿತು. ಕುರಿ ಕಾಯುವವರ ಮನೆಯ ಒಬ್ಬ ಕುಳ್ಳ ಹುಡುಗ ‘ಮೇ ಇಪ್ಪತ್ತೊಂಬತ್ತು’. ಅಂದು ಇಬ್ಬರು ಮನುಷ್ಯರು ಮೊದಲ ಸಲ ಎವರೆಸ್ಟಿನ ತುದಿಯಲ್ಲಿ ನಿಂತರು. ಆ ಹುಡುಗ ಬೇವಿನ ಮರ ಹತ್ತಲೂ ಹೆದರುತ್ತಿದ್ದ. “ಏ ಎವರೆಸ್ಟ್, ಇಳೀಲೆ ಕೆಳಗ,” ಎಂದು ನಾವು ಮೊದಲ ಕೊಂಬೆಯಲ್ಲಿ ಕೂತವನನ್ನು ಕಾಡುತ್ತಿದ್ದೆವು.

ನನ್ನದು ಸಂವಿಧಾನವನ್ನು ಒಪ್ಪಿಕೊಂಡ ದಿನ. ಜನವರಿ ಇಪ್ಪತ್ತಾರು ಎಲ್ಲರಿಗೂ ಗೊತ್ತು, ಅಂದು ಬಾವುಟ ಏರುತ್ತದೆ. ನವೆಂಬರ್ ಇಪ್ಪತ್ತಾರಕ್ಕೆ ಆಗ ಶಾಲೆಯಲ್ಲಿ ಆಚರಣೆಯೂ ಇರಲಿಲ್ಲ, ರಜೆಯೂ ಇರಲಿಲ್ಲ. ಮಾಸ್ತರು ಮಾತ್ರ ನನ್ನ ತಲೆಯ ಮೇಲೆ ಬೆರಳ ಗೆಣ್ಣಿನಿಂದ ಮೆಲ್ಲಗೆ ಕುಟ್ಟಿ ಹೇಳುತ್ತಿದ್ದರು: “ಬಾವುಟ ಏರಸೋ ದಿನ ದೊಡ್ಡದಲ್ಲಪಾ. ಕೂತು ಮಾತಾಡಿ, ಎಲ್ಲಾರೂ ಹೂಂ ಅಂದು ಒಪ್ಪಿಕೊಂಡ ದಿನ ದೊಡ್ಡದು. ಅದು ನಿಂದು.”

ಈ ವರ್ಷ ಮಳೆಗಾಲಕ್ಕೆ ಮೊದಲು ಅವರು ತೀರಿಕೊಂಡರು. ಅವರ ಬಗ್ಗೆ ಬರೆಯುವುದು ಸುಲಭವಾಗುತ್ತದೆ ಎಂದುಕೊಂಡಿದ್ದೆ. ಆಗುತ್ತಿಲ್ಲ.

ನಮ್ಮ ಕಡೆಯವರಿಗೆ ಜೂನ್ ಒಂದರ ಕತೆ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ಆಗ ಹೆರಿಗೆ ಮನೆಯಲ್ಲೇ ಆಗುತ್ತಿತ್ತು, ಯಾರೂ ಬರೆದಿಡುತ್ತಿರಲಿಲ್ಲ. ಮಗುವನ್ನು ಶಾಲೆಗೆ ಕರೆತಂದಾಗ ಹೆಡ್ಮಾಸ್ತರು ಹಲ್ಲು ನೋಡಿ, ಕೈಯನ್ನು ತಲೆಯ ಮೇಲಿಂದ ಆ ಕಡೆಯ ಕಿವಿಗೆ ಮುಟ್ಟಿಸಿ, ಆರು ವರ್ಷ ಎಂದು ನಿಶ್ಚಯಿಸಿ ಜೂನ್ ಒಂದು ಎಂದು ಬರೆಯುತ್ತಿದ್ದರು. ಶಾಲೆ ಸುರುವಾಗುವ ದಿನ ಅದು, ಲೆಕ್ಕಕ್ಕೆ ಸರಳ. ಹಾಗಾಗಿ ಶಹಾಪುರದ ಯಾವ ಕಚೇರಿಗೆ ಹೋದರೂ ಅರ್ಧ ಜನರ ಹುಟ್ಟುಹಬ್ಬ ಒಂದೇ ದಿನ. ಮಾಸ್ತರಿಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. “ಕುರಿಗಿ ಗುರ್ತು ಹಾಕಿದಂಗ ಎಲ್ಲಾರ್ಗೂ ಒಂದೇ ಮುದ್ರಿ ಒತ್ಯಾರ,” ಎನ್ನುತ್ತಿದ್ದರು. “ಮನುಷ್ಯಾಗ ತನ್ನದು ಅಂತ ಒಂದು ದಿನ ಬ್ಯಾಡೇನು?”

ತಮಾಷೆಯೆಂದರೆ ಅವರ ಸ್ವಂತ ದಾಖಲೆಯಲ್ಲೂ ಜೂನ್ ಒಂದೇ ಇತ್ತು. ಒಮ್ಮೆ ಶಾಲೆ ತನಿಖೆಗೆ ಬಂದ ಸಾಹೇಬರು ದಾಖಲಾತಿ ಪುಸ್ತಕ ತಿರುವಿ ತಿರುವಿ ಬೆರಗಾದರು.

“ಇದೇನ್ರಿ ಮಾಸ್ತರ? ನಿಮ್ಮೂರಾಗ ಜೂನ್ ಒಂದಕ್ಕ ಒಬ್ರೂ ಹುಟ್ಟಿಲ್ಲೇನು?”

“ಹುಟ್ಟ್ಯಾರ್ರಿ ಸಾಹೇಬ್ರ.”

“ಎಲ್ಲಿ ತೋರಿಸ್ರಿ?”

“ನಿಮ್ಮ ಮುಂದ ನಿಂತೀನಲ್ರಿ.”

ಸಾಹೇಬರು ನಕ್ಕು ಸಹಿ ಹಾಕಿ ಹೋದರು. ಬಹಳ ವರ್ಷದ ಮೇಲೆ ಮೇ ಮೂವತ್ತೊಂದಕ್ಕೆ, ಜೂನ್ ಒಂದರವರೇ ಆದ ತಾಲ್ಲೂಕಿನ ಅರ್ಧ ಮಾಸ್ತರುಗಳ ಜೊತೆ ಒಂದೇ ಪೆಂಡಾಲಿನಲ್ಲಿ ನಿವೃತ್ತರಾಗಿ ಶಾಲು ಹೊದ್ದು ಬಂದವರು, “ಸಂಜಿಗಿ ಹಟ್ಟಿಗಿ ದನ ಬಿಟ್ಟಂಗ ಬಿಟ್ರು ನೋಡ್ರಿ ನಮ್ಮನ್ನ,” ಎಂದು ಶಾಲು ತೆಗೆದು ಹೆಂಡತಿಯ ಕೈಗೆ ಕೊಟ್ಟರಂತೆ.

ಅವರ ಶಾಲೆಯಲ್ಲಿ ಮಗುವನ್ನು ಸೇರಿಸುವುದು ಒಂದು ದೊಡ್ಡ ಕೆಲಸವಾಗಿತ್ತು. ಜೂನ್ ಮೊದಲ ವಾರ ಬೇವಿನ ಮರದ ಕೆಳಗೆ ಮೇಜು ಹಾಕಿಸಿ, ತಗಡಿನ ಪೆಟ್ಟಿಗೆಯಿಂದ ಹಳೆಯ ಪಂಚಾಂಗಗಳನ್ನು ತೆಗೆದು ವರ್ಷದ ಪ್ರಕಾರ ಜೋಡಿಸಿ ಕೂರುತ್ತಿದ್ದರು. ಬಿಳಿ ಅಂಗಿ, ಧೋತರ, ಕಿವಿಯ ಹಿಂದೆ ಕೆಂಪು ಪೆನ್ಸಿಲು. ಬಾಯಲ್ಲಿ ಯಾವಾಗಲೂ ಒಂದು ಲವಂಗ. ತಂದೆಯರನ್ನು ಅವರು ಹೆಚ್ಚು ಕೇಳುತ್ತಿರಲಿಲ್ಲ. “ನೀ ಎಲ್ಲಿದ್ದೀಯೋ ಆವಾಗ, ನಿನಗೇನ್ ಗೊತ್ತದ? ತಾಯಿನ ಕರಿ,” ಎನ್ನುತ್ತಿದ್ದರು. ತಾಯಂದಿರು ಸೆರಗು ಹೊದ್ದು ದೂರ ನಿಂತು ಹೇಳುತ್ತಿದ್ದರು. ಇವರು ಕೇಳುತ್ತಿದ್ದರು. ಜೋಳ ಹಾಲು ಹಿಡಿದಿತ್ತೋ, ಕಟಾವಾಗಿತ್ತೋ? ಹಳ್ಳ ಬಂದಿತ್ತೇನು? ಕಾರಹುಣ್ಣಿಮೆ ಮುಂದಿತ್ತೋ ಹಿಂದಿತ್ತೋ? ಅವತ್ತು ಸಂತೆ ಇತ್ತೇನು? ಕೇಳಿ ಕೇಳಿ, ಪಂಚಾಂಗ ತಿರುವಿ, ಬೆರಳು ಮಡಚಿ, ಕೊನೆಗೆ ಕಿವಿಯ ಹಿಂದಿನ ಪೆನ್ಸಿಲು ತೆಗೆದು ಗುರುತು ಮಾಡಿಕೊಳ್ಳುತ್ತಿದ್ದರು. ಊರಿನ ಮಂದಿ ಸುತ್ತ ನಿಂತು ನೋಡುತ್ತಿದ್ದರು. ಕಳೆದ ದನವನ್ನು ಹುಡುಕಿಕೊಡುವವರನ್ನು ನೋಡುವ ಹಾಗೆ. ಯಾವಾಗಲೋ ಕಳೆದುಹೋದ ದಿನವನ್ನು ಈ ಮನುಷ್ಯ ಹುಡುಕಿ ಕೊಡುತ್ತಾನೆ ಎಂದು ನಾವೆಲ್ಲ ನಂಬಿದ್ದೆವು.

ಅದನ್ನು ನಂಬಿದ್ದಕ್ಕೆ ಕಾರಣವೂ ಇತ್ತು. ತಾರೀಖಿನ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಸುರಪುರದ ಅರಸರ ಕತೆ ಹೇಳುವಾಗ ಕೋಟೆ, ಇಂಗ್ಲಿಷರ ಗೋರಾ ದಂಡು, ಒಳಗಿನವರ ದ್ರೋಹ ಎಲ್ಲ ಬಣ್ಣಿಸಿ, ತಾರೀಖಿನ ಹತ್ತಿರ ಬಂದ ತಕ್ಷಣ ದನಿ ತಗ್ಗಿಸಿ, “ಇದು ನನಗ ಪಕ್ಕಾ ಗೊತ್ತಿಲ್ಲ, ಒಬ್ಬೊಬ್ಬರು ಒಂದೊಂದು ಹೇಳ್ತಾರ. ಗೊತ್ತಿಲ್ಲದ್ದು ಗೊತ್ತದ ಅನಬಾರದು,” ಎನ್ನುತ್ತಿದ್ದರು. ಹಲಗೆಯ ಮೇಲೆ ತಾರೀಖು ತಪ್ಪು ಬರೆದವನಿಗೆ ಏಟು ಬೀಳುತ್ತಿತ್ತು. ಗಣಿತ ತಪ್ಪಿದವನಿಗೆ ಬರೇ ಬೈಗಳು.

ಶಾಲೆಯ ಗಂಟೆ ಬಾರಿಸುವ ಹಕ್ಕು ಆಯಾ ದಿನ ಹುಟ್ಟಿದ ಮಗುವಿನದು. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಆ ಮಗು ಕಟ್ಟೆ ಹತ್ತಿ, ತನ್ನ ದಿನ ಜಗತ್ತಿನಲ್ಲಿ ಏನಾಯಿತು ಎಂದು ಹೇಳಬೇಕು. ಎಲ್ಲರೂ ಚಪ್ಪಾಳೆ ತಟ್ಟಬೇಕು. ಅಂದು ಪಾಠ ಬರದಿದ್ದರೂ ಅವನಿಗೆ ಏಟಿಲ್ಲ. ಕಟ್ಟೆಯ ಮೇಲೆ ನಿಂತಾಗ ಮೈ ಒಂದು ಗೇಣು ಬೆಳೆದಂತಾಗುತ್ತಿತ್ತು. ನಮ್ಮ ಓಣಿಯ ಹುಡುಗರಿಗೆ ಊರಿನ ಬೇರೆ ಯಾವ ಕಟ್ಟೆಯ ಮೇಲೂ ನಿಲ್ಲುವ ಹಕ್ಕು ಇರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

ಒಮ್ಮೆ ಗಿರಣಿಯವರ ಮಗ ಎದ್ದು ನಿಂತು, ಚಂದ್ರನ ಮೇಲೆ ಇಳಿದಾಗ ನಮ್ಮ ದೇಶದಲ್ಲಿ ಇಪ್ಪತ್ತೊಂದನೇ ತಾರೀಖು ಆಗಿತ್ತಂತೆ, ತನ್ನ ಕಾಕಾ ಹೇಳಿದ ಎಂದ. ಪಕ್ಕದ ಓಣಿಯ ಹುಡುಗಿಯ ಮುಖ ಬಾಡಿತು. ಮಾಸ್ತರು ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ ಕೇಳಿದರು: “ನಿಮ್ಮ ಕಾಕಾ ಚಂದ್ರನ ಮ್ಯಾಲ ಹೋಗಿ ಕ್ಯಾಲೆಂಡರ್ ತೂಗುಹಾಕಿ ಬಂದಾನೇನು? ಇಳಿದವರ ಊರಾಗ ಇಪ್ಪತ್ತು ಇತ್ತು. ಕೂಡ್ರು.” ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಕಟ್ಟುನಿಟ್ಟಿನ ಮನುಷ್ಯ ಬೇಕಾದವರಿಗೆ ಬೇಕಾದ ಹಾಗೆ ದಾರಿ ಬಿಡುತ್ತಾನೆ ಎಂದು ಆಗ ತಿಳಿಯಲಿಲ್ಲ.

ಅವರ ಬಳಿ ದಪ್ಪ ರಟ್ಟಿನ ಒಂದು ಪುಸ್ತಕವಿತ್ತು. ದಿನಕ್ಕೊಂದು ಪುಟದಂತೆ ಮುನ್ನೂರ ಅರವತ್ತಾರು ಪುಟ. ರೇಡಿಯೋದಲ್ಲಿ ಕೇಳಿದ್ದು, ಹೈದರಾಬಾದಿನ ಉರ್ದು ಪೇಪರಿನಲ್ಲಿ ಓದಿದ್ದು, ಎಲ್ಲ ಆಯಾ ದಿನದ ಪುಟದ ಮೇಲ್ಭಾಗದಲ್ಲಿ ಕೆಂಪು ಶಾಯಿಯಲ್ಲಿ. ಕೆಳಭಾಗದಲ್ಲಿ ನೀಲಿ ಶಾಯಿಯಲ್ಲಿ ಮಗುವಿನ ಹೆಸರು. ನಮ್ಮ ಪುಟವನ್ನು ನಮಗೆ ವರ್ಷಕ್ಕೊಮ್ಮೆ, ನಮ್ಮ ದಿನ ಮಾತ್ರ ತೋರಿಸುತ್ತಿದ್ದರು. ಬೇರೆ ಪುಟ ಮುಟ್ಟಗೊಡುತ್ತಿರಲಿಲ್ಲ.

ಹತ್ತನೆಯದು ಮುಗಿಸಿದ ಮೇಲೆ ನನಗೆ ಮುಂದೆ ಓದಲಾಗಲಿಲ್ಲ. ಅಂಚೆ ಕೆಲಸಕ್ಕೆ ಅರ್ಜಿ ಹಾಕಿಸಿದವರು ಅವರೇ. ಕಾಗದಪತ್ರ ತೋರಿಸಲು ಯಾದಗಿರಿಗೆ ಕರೆದಾಗ ಒಬ್ಬನೇ ಹೋಗಲು ಹೆದರಿದೆ. ಜೊತೆಗೆ ಬಂದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ನನ್ನನ್ನು ಕೂರಿಸಿ, ಫಾರ್ಮನ್ನು ತೊಡೆಯ ಮೇಲೆ ಹಿಡಿದು, ಜನ್ಮ ದಿನಾಂಕದ ಜಾಗದಲ್ಲಿ ಬೆರಳಿಟ್ಟು, “ಬಾಕಿದ್ದೆಲ್ಲಾ ತಲಿ ತಗ್ಗಿಸಿ ಬರಿ. ಇದೊಂದು ತಲಿ ಎತ್ತಿ ಬರಿ,” ಎಂದರು. ಖಾನಾವಳಿಯಲ್ಲಿ ಊಟ ಮಾಡಿಸಿದರು. ನಾನು ರೊಟ್ಟಿ ಕೇಳಲು ಸಂಕೋಚಪಡುತ್ತಿದ್ದರೆ, ಅವರೇ, “ಏ ತಮ್ಮಾ, ಇವರಿಗೆ ಇನ್ನೊಂದು ಬಿಸಿ ರೊಟ್ಟಿ ಹಾಕು, ಇವರು ಟಪಾಲ ಸಾಹೇಬ್ರು,” ಎಂದು ಕೂಗಿದರು. ‘ಇವರು’ ಎಂದು ನನ್ನನ್ನು ಯಾರಾದರೂ ಅಂದದ್ದು ಅದೇ ಮೊದಲು.

ಕೆಲಸ ಸಿಕ್ಕ ವರ್ಷ ನಾನು ಅವರನ್ನು ಮನೆಗೆ ಊಟಕ್ಕೆ ಕರೆದೆ. ಎಳ್ಳ ಅಮಾವಾಸ್ಯೆಯ ಮರುದಿನ ಬರುತ್ತೇನೆ ಎಂದರು, ಬಂದರು. ನಮ್ಮ ಓಣಿಯಲ್ಲಿ ಕೂತು ಉಂಡ ಮೊದಲ ಮಾಸ್ತರು ಅವರು. ಅವ್ವ ಅಂದು ಕೂಲಿಗೆ ಹೋಗಿರಲಿಲ್ಲ. ಅವರಿಗೆ ಸಜ್ಜೆ ರೊಟ್ಟಿ, ಸೊಪ್ಪು ಕಾಳಿನ ಭಜ್ಜಿ ಪಲ್ಯ, ಮೊಸರು ಬಡಿಸಿದಳು. ಆಮೇಲೆ ನನ್ನ ತಟ್ಟೆಯಲ್ಲಿ ಸಜ್ಜೆ ರೊಟ್ಟಿ ಮುರಿದು, ಹಾಲು ಹಾಕಿ, ಬೆಲ್ಲ ಕಲಸಿ, ಮುಂದಿಟ್ಟು, ನನ್ನ ನೆತ್ತಿ ಮುಟ್ಟಿದಳು. ಪ್ರತಿ ವರ್ಷ ಹಬ್ಬದ ಮರುದಿನ ಹೀಗೆ ಮಾಡುತ್ತಿದ್ದಳು. ಪ್ರತಿ ವರ್ಷ ನಾನು ಗೊಣಗುತ್ತ ತಿನ್ನುತ್ತಿದ್ದೆ. ಅಂದು ಮಾಸ್ತರು ಎದುರಿಗಿದ್ದರು.

“ಇವತ್ತ ಹುಟ್ಟ್ಯಾನ್ರಿ ಇಂವ,” ಎಂದಳು ಅವ್ವ.

“ಅವ್ವಾ, ಸುಮ್ನಿರು.”

“ಯಾಕ ಸುಮ್ನಿರ್ಲಿ? ಎಳ್ಳಮಾಸಿ ದಿನ ಗೌಡರ ಹೊಲಕ್ಕ ಚರಗಾ ಚೆಲ್ಲೋ ಬುಟ್ಟಿ ಹೊತ್ತಿದ್ದೆ. ತಿರುಗಿ ಬರೋ ದಾರ್ಯಾಗ ಬ್ಯಾನಿ ಸುರು ಆದವು. ಕೋಳಿ ಕೂಗೋ ಹೊತ್ತಿಗಿ ಭೂಮಿಗಿ ಬಿದ್ದಿ. ಮಾಸ್ತರ್ರ, ನೀವೇ ಹೇಳ್ರಿ. ಸಾಲಿಗಿ ಹಚ್ಚಾಕ ಬಂದಾಗ ನಾ ಇದನ್ನೇ ಹೇಳಿದ್ನಿಲ್ಲ?”

ಮಾಸ್ತರು ತುತ್ತು ಬಾಯಿಗೆ ಒಯ್ಯುತ್ತಿದ್ದವರು ನಿಲ್ಲಿಸಿದರು. ತಟ್ಟೆ ನೋಡಿಕೊಂಡೇ ಹೇಳಿದರು: “ಹೇಳಿದ್ದಿ ತಂಗೆವ್ವ. ಆದ್ರ ಅದು ಪಂಚಾಂಗಕ್ಕ ಕೂಡಲಿಲ್ಲ. ಪಂಚಾಂಗ ಹೇಳಿದ್ದು ಬರ್ದೀನಿ.”

“ಪಂಚಾಂಗಕ್ಕ ಬ್ಯಾನಿ ಬಂದಿದ್ದವೇನ್ರಿ ಮಾಸ್ತರ್ರ?”

ಉತ್ತರ ಕೊಟ್ಟವನು ನಾನು. “ನಿನಗ ಅಕ್ಷರ ಬರಲ್ಲ, ತಾರೀಖು ಬರಲ್ಲ. ಅವರು ಲೆಕ್ಕ ಹಾಕಿ ಬರ್ದಾರ. ದೊಡ್ಡವರ ಮುಂದ ನನ್ನ ಮರ್ಯಾದಿ ಕಳೀಬ್ಯಾಡ,” ಎಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಅವ್ವ ತಟ್ಟೆ ಎತ್ತಿಕೊಂಡಳು. “ಆತು ಬಿಡಪಾ. ನಿಮ್ಮ ಮಾಸ್ತರ್ರೇ ಹಡದಾರ ನಿನ್ನ,” ಎಂದು ಒಳಗೆ ಹೋದಳು.

ಎಳ್ಳ ಅಮಾವಾಸ್ಯೆ ಡಿಸೆಂಬರ್ ಜನವರಿಯಲ್ಲಿ ಬೆಳೆದು ನಿಂತ ಹೊಲಕ್ಕೆ ಚರಗ, ಅಂದರೆ ಎಡೆ, ಚೆಲ್ಲುವ ಹಬ್ಬ. ಅದು ನವೆಂಬರಿನಲ್ಲಿ ಬರುವುದಿಲ್ಲ ಎಂದು ಹೊಲದ ಬದುವಿನ ಮೇಲೆ ನಡೆದ ಯಾರಿಗಾದರೂ ಗೊತ್ತು. ನನಗೂ ಗೊತ್ತಿತ್ತು. ಅವ್ವ ಬೇರೆ ಯಾವುದೋ ಅಮಾವಾಸ್ಯೆಯನ್ನು ಎಳ್ಳಮಾಸಿ ಅಂದುಕೊಂಡಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಹಡೆದವಳ ನೆನಪು ತಪ್ಪಬಹುದು, ಮಾಸ್ತರ ಲೆಕ್ಕ ತಪ್ಪುವುದಿಲ್ಲ. ಇದು ನನ್ನ ನಂಬಿಕೆ.

ಬಸ್ಸಿನವರೆಗೆ ಬಿಡಲು ಹೋದಾಗ ಮಾಸ್ತರು ಕೈಪಂಪಿನ ಬೋರಿಂಗಿನ ಹತ್ತಿರ ನಿಂತು, “ತಾಯಿಗಿ ಎದುರು ಮಾತಾಡಬಾರದಪಾ,” ಎಂದರು. ಇನ್ನೇನೋ ಹೇಳುವವರ ಹಾಗೆ ಛತ್ರಿಯ ತುದಿಯಿಂದ ನೆಲ ಕೆದರಿದರು. ಬಸ್ಸು ಬಂತು. ಅವ್ವನ ಮಾತಿಗೆ ಬೇಸರಪಡದೆ ಅವಳ ಪರವಾಗಿಯೇ ಬುದ್ಧಿ ಹೇಳಿದರಲ್ಲ, ಎಂಥ ದೊಡ್ಡ ಮನಸ್ಸು ಎಂದು ಆ ದಿನ ಎಷ್ಟೋ ಜನರ ಮುಂದೆ ಹೇಳಿದ್ದೆ.

ಅವ್ವ ಆಮೇಲೆ ಹದಿನೆಂಟು ಎಳ್ಳಮಾಸಿ ಬದುಕಿದ್ದಳು. ಹಬ್ಬದ ಮರುದಿನ ನನ್ನ ಮುಂದೆ ಆ ತಟ್ಟೆ ಮತ್ತೆ ಇಡಲಿಲ್ಲ. ಜಗಳವಾಡಲಿಲ್ಲ, ಮಾತು ಬಿಡಲಿಲ್ಲ, ಆ ವಿಷಯ ಎತ್ತಲೂ ಇಲ್ಲ. ನನ್ನ ಮಕ್ಕಳು ಹುಟ್ಟಿದ್ದು ಶಹಾಪುರದ ದವಾಖಾನೆಯಲ್ಲಿ. ಇಬ್ಬರೂ ಹುಟ್ಟಿದಾಗ ಅವಳು ನರ್ಸಮ್ಮನನ್ನು ಕೇಳಿದ್ದು ಒಂದೇ ಮಾತು: “ಬರಕೊಂಡ್ರೇನ್ರಿ? ಈಗೇ ಬರಕೋರಿ ಯವ್ವಾ.” ನಾನು ನಕ್ಕಿದ್ದೆ.

ಇತ್ತೀಚೆಗೆ ನವೆಂಬರ್ ಇಪ್ಪತ್ತಾರನ್ನು ಸರ್ಕಾರವೇ ಆಚರಿಸತೊಡಗಿತು. ಶಾಲೆಗಳಲ್ಲಿ ಪೀಠಿಕೆ ಓದಿಸುತ್ತಾರೆ. ನಮ್ಮ ಊರಿನ ಶಾಲೆಯವರು ನನ್ನನ್ನು ಕರೆಯುತ್ತಾರೆ, ಆ ದಿನವೇ ಹುಟ್ಟಿದವರು ಎಂದು ಹಾರ ಹಾಕುತ್ತಾರೆ. ಓಣಿಯ ಹುಡುಗರು ಫೋಟೋ ತೆಗೆದು ಫೋನಿನಲ್ಲಿ ಹಾಕುತ್ತಾರೆ. ಬೆಳಿಗ್ಗೆ ಮೊದಲ ಫೋನು ಮಾತ್ರ ಸುರಪುರದಿಂದ. “ಎದ್ದೀಯೇನಪಾ ನವೆಂಬರ್ ಇಪ್ಪತ್ತಾರು? ನಾ ಹೇಳಿದ್ನಿಲ್ಲ, ನಿನ್ನ ದಿನಕ್ಕ ಒಂದಿನ ಮರ್ಯಾದಿ ಬರ್ತದ ಅಂತ?” ಅವರ ದನಿಯಲ್ಲಿ ತಾನೇ ಬಿತ್ತಿದ ಬೆಳೆ ನೋಡುವವನ ಸಂತೋಷ ಇರುತ್ತಿತ್ತು.

ಅವರ ಮಣ್ಣಾದ ಮೇಲೆ ಹಳೆಯ ವಿದ್ಯಾರ್ಥಿಗಳು ಶಹಾಪುರದಲ್ಲಿ ಸೇರಿದೆವು. ಹೂಮಾಲೆ, ಫೋಟೋ, ಭಾಷಣ ಬೇಡ, ಅವರ ಆ ಪುಸ್ತಕವನ್ನೇ ಅಚ್ಚು ಹಾಕಿಸೋಣ ಎಂದು ನಿಶ್ಚಯವಾಯಿತು. ಮೇಲೆ ಜಗತ್ತಿನ ಘಟನೆ, ಕೆಳಗೆ ನಮ್ಮ ಊರಿನ ಮಗು. ಇಂಥ ಪುಸ್ತಕ ಎಲ್ಲಿದೆ? ಶುದ್ಧಪ್ರತಿ ತೆಗೆಯುವ ಕೆಲಸ ನನಗೆ ಬಂತು. “ನಿನ್ನ ಅಕ್ಷರ ಚಂದ. ಅದಕ್ಕಿಂತ ಹೆಚ್ಚಿಗಿ ಅಂದ್ರ ನಿನ್ನ ಮ್ಯಾಲ ಅವರಿಗೆ ಭಾಳ ಜೀವ,” ಎಂದ ಗಿರಣಿಯವರ ಮಗ. ಮಾಸ್ತರ ಮಗಳು ಸುರಪುರದಲ್ಲೇ ನರ್ಸ್ ಆಗಿದ್ದಾಳೆ. ಪುಸ್ತಕವನ್ನು ಹಳೆಯ ಧೋತರದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಬಸ್ಸಿನಲ್ಲಿ ಅದನ್ನು ಎದೆಗೆ ಅವಚಿಕೊಂಡು ಬಂದೆ.

ಜನವರಿ ಒಂದರಿಂದ ಸುರು ಮಾಡಿ ದಿನಕ್ಕೆ ಎರಡು ಮೂರು ಪುಟ ಬರೆದೆ. ಮೂರನೇ ದಿನ ಜನವರಿ ಎಂಟಕ್ಕೆ ಬಂದೆ. ಮೇಲ್ಭಾಗ ಖಾಲಿ. ಕೆಂಪು ಶಾಯಿಯ ಒಂದಕ್ಷರವೂ ಇಲ್ಲ. ಅವರ ಪಾಲಿಗೆ ಅಂದು ಜಗತ್ತಿನಲ್ಲಿ ಏನೂ ನಡೆದಿರಲಿಲ್ಲ. ಕೆಳಗೆ ಪೆನ್ಸಿಲಿನಲ್ಲಿ ಸಣ್ಣ ಅಕ್ಷರದಲ್ಲಿ ನನ್ನ ಹೆಸರು. ಅದರ ಮುಂದೆ ಒಂದು ಬಾಣದ ಗುರುತು, ಪಕ್ಕದಲ್ಲಿ ಹೀಗಿತ್ತು:

“ತಾಯಿ ಹೇಳಿಕೆ, ಎಳ್ಳಮಾಸಿ ಮರುದಿನ, ಕೋಳಿ ಕೂಗುವ ಹೊತ್ತು. ಪಂಚಾಂಗ ನೋಡಿದೆ. ಸರಿ ಇದೆ. ಆದರೆ ಈ ದಿನ ಏನೂ ಇಲ್ಲ. ನವೆಂಬರ್ 26ರ ಕೆಳಭಾಗ ಇನ್ನೂ ಖಾಲಿ. ಆ ಓಣಿಯ ಹುಡುಗನಿಗೆ ಅದು ಒಪ್ಪುತ್ತದೆ.”

ಎಷ್ಟು ಸಲ ಓದಿದೆನೋ. ‘ಸರಿ ಇದೆ’ ಎಂಬಲ್ಲಿ ಪೆನ್ಸಿಲು ಒತ್ತಿ ಬರೆದಿದ್ದರು. ನನ್ನ ಹೆಂಡತಿ ಬಂದು, “ಯಾಕ ಹಿಂಗ ಕುಂತೀರಿ?” ಎಂದಳು. ಓದಿ ತೋರಿಸಿದೆ. ಅವಳು ಅವ್ವನ ಜೊತೆ ಹನ್ನೆರಡು ವರ್ಷ ಬಾಳಿದವಳು. “ಇವತ್ತ ಹುಟ್ಟ್ಯಾನ ಅಂತ ಅತ್ತಿ ಎಳ್ಳಮಾಸಿ ಮರುದಿನ ನನ್ನ ಮುಂದ ಪ್ರತಿ ವರ್ಷ ಹೇಳ್ತಿದ್ರು. ನಿಮಗ ಹೇಳಬ್ಯಾಡ ಅಂದಿದ್ರು,” ಎಂದಳು.

ಉಳಿದ ಪುಟ ತಿರುವಿದೆ. ಅಲ್ಲಲ್ಲಿ ಅದೇ ಪೆನ್ಸಿಲು, ಅದೇ ಬಾಣದ ಗುರುತು. ಖಾಲಿ ದಿನದಿಂದ ದೊಡ್ಡ ದಿನಕ್ಕೆ ಮಕ್ಕಳು ದಾಟಿದ್ದರು. ಅವರಿಗೆ ಪುಸ್ತಕ ತುಂಬಬೇಕಿತ್ತು. ಪ್ರತಿ ದೊಡ್ಡ ದಿನಕ್ಕೂ ಒಂದು ಮಗು ಬೇಕಿತ್ತು. ಮರದ ಕೆಳಗೆ ಕೂತು ತಾಯಂದಿರನ್ನು ಕೇಳಿದ್ದು ಸುಳ್ಳಲ್ಲ, ಪಂಚಾಂಗ ನೋಡಿದ್ದೂ ಸುಳ್ಳಲ್ಲ. ಸರಿಯಾದ ದಿನವನ್ನು ಹುಡುಕಿ ತೆಗೆದು, ಅದನ್ನು ನೋಡಿ, ಸಾಲದು ಎಂದು ಪಕ್ಕಕ್ಕೆ ಇಟ್ಟಿದ್ದರು.

ಜುಲೈ ಇಪ್ಪತ್ತಿನವಳು ಈಗ ಶಿರವಾಳದಲ್ಲಿ ಶಾಲೆಯ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಅವಳ ಹೆಸರೂ ಏಪ್ರಿಲಿನ ಒಂದು ಪುಟದಿಂದ ದಾಟಿ ಬಂದದ್ದು. ಹೇಳಲೋ ಬೇಡವೋ ಎನ್ನುತ್ತಲೇ ಹೋದೆ. ಅವಳು ಅಕ್ಕಿ ಆರಿಸುತ್ತ ಕೂತಿದ್ದಳು. ಕೇಳಿ ಗಹಗಹಿಸಿ ನಕ್ಕಳು.

“ಗೊತ್ತಿತ್ತು ಬಿಡೋ ಇಪ್ಪತ್ತಾರು. ಕೆಂಡದಂಥಾ ಬಿಸಲಾಗ ಹುಟ್ಟೀದಿ ಅಂತ ನಮ್ಮಪ್ಪ ಸಾಯೋತನ ಹೇಳ್ಯಾನ. ಜುಲೈದಾಗ ಎಲ್ಲಿ ಬಿಸಲು? ಮಾಸ್ತರು ಪುಕ್ಕಟ ಚಂದ್ರನ್ನ ಕೊಟ್ರು. ಬ್ಯಾಡ ಅಂತಾರೇನು ಯಾರಾದ್ರೂ?”

“ನಿನಗ ಸಿಟ್ಟು ಬರಲಿಲ್ಲೇನು?”

“ಯಾಕ ಬರ್ಬೇಕು? ಗಂಡನ ಮನ್ಯಾಗ ಎಲ್ಲಾರೂ ಜೂನ್ ಒಂದು. ನಾ ಒಬ್ಬಾಕಿ ಚಂದ್ರ. ಅತ್ತಿ ಬೈದಾಗೆಲ್ಲಾ ಅದನ್ನೇ ಹೇಳಿ ಹೇಳಿ ಮೂವತ್ತು ವರ್ಷ ದೂಡೀನಿ.”

ಆಗ ನಾನು ಅವ್ವನ ತಟ್ಟೆಯ ಸಂಗತಿ ಹೇಳಿದೆ. ಅವಳ ಕೈ ಮೊರದಲ್ಲಿ ನಿಂತಿತು.

“ಎದುರಿಗೇ ಕೇಳಿದ್ಳೇನು ನಿಮ್ಮವ್ವ?”

“ಎದುರಿಗೇ.”

“ಗೊತ್ತಿದ್ದೂ ಕೂಡಲಿಲ್ಲ ಅಂದ್ರಾ?”

“ಅಂದ್ರು.”

“ಅದು ಬ್ಯಾರೆ ಮಾತಾತು,” ಎಂದಳು. ಮತ್ತೆ ನಗಲಿಲ್ಲ. ಎದ್ದು ಚಹಾ ಮಾಡಿ ಕೊಟ್ಟಳು.

ಅವಳು ಹೇಳಿದ್ದೇ ನಿಜ. ನನಗೆ ದೊಡ್ಡ ದಿನ ಕೊಟ್ಟದ್ದಕ್ಕೆ ನನ್ನ ದೂರು ಇಲ್ಲ. ಆ ದಿನದ ಬಲದಿಂದಲೇ ನಾನು ಯಾದಗಿರಿಯ ಕಚೇರಿಯಲ್ಲಿ ನೆಟ್ಟಗೆ ನಿಂತೆ. ನಮ್ಮ ಓಣಿಯ ಹುಡುಗನಿಗೆ ಆ ದಿನವೇ ಒಪ್ಪುತ್ತದೆ ಎಂದು ಯೋಚಿಸಿದ ಮನುಷ್ಯ ಆ ಕಾಲಕ್ಕೆ ನಮ್ಮ ಊರಿನಲ್ಲಿ ಇನ್ನೊಬ್ಬ ಇರಲಿಲ್ಲ. ಆದರೆ ಅಂದು ಊಟದ ಮುಂದೆ ಅವರಿಗೆ ಒಂದೇ ಒಂದು ಮಾತು ಸಾಕಿತ್ತು. ‘ಹೌದು ತಂಗೆವ್ವ, ನೀ ಹೇಳಿದ್ದು ಸರಿ ಅದ.’ ದಾಖಲೆ ಬದಲಾಗುತ್ತಿರಲಿಲ್ಲ, ಕೆಲಸ ಹೋಗುತ್ತಿರಲಿಲ್ಲ. ನಾನು ತಟ್ಟೆ ಸರಿಸುತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತದ ಅನಬಾರದು ಎಂದು ಕಲಿಸಿದವರು, ಗೊತ್ತಿದ್ದದ್ದನ್ನು ಗೊತ್ತಿಲ್ಲ ಅನ್ನಬಹುದೇ ಎಂದು ಕೇಳಲು ಈಗ ಅವರಿಲ್ಲ. ಸುರಪುರಕ್ಕೆ ಹೋಗಿ ಬಾಗಿಲಲ್ಲಿ ನಿಂತು ಕೇಳಿಬಿಡಬೇಕೆಂದು ಸಿಟ್ಟು ಉಕ್ಕುತ್ತದೆ. ಆ ಸಿಟ್ಟಿನ ಹಿಂದೆಯೇ, ಮಲಗಿದ್ದಲ್ಲಿಂದ ಆ ದನಿ ಒಮ್ಮೆ ಕೇಳಿಸಿದ್ದರೆ ಸಾಕಿತ್ತು ಎಂದೂ ಅನಿಸುತ್ತದೆ. ಎರಡೂ ಒಟ್ಟಿಗೆ ಹೇಗೆ ಇರುತ್ತವೋ ನನಗೆ ತಿಳಿಯದು.

ಪುಸ್ತಕ ಅಚ್ಚಾಗಬೇಕು ಎಂದು ಎಲ್ಲರೂ ಕಾಯುತ್ತಿದ್ದರು. ಪೆನ್ಸಿಲಿನ ಟಿಪ್ಪಣಿಗಳನ್ನು ಯಾರದ್ದೂ ನಾನು ಬರೆಯಲಿಲ್ಲ. ಅವು ಅವರವರ ತಾಯಂದಿರಿಗೂ ಮಾಸ್ತರಿಗೂ ಬಿಟ್ಟದ್ದು. ಎವರೆಸ್ಟು ಎವರೆಸ್ಟಿನಲ್ಲೇ ಉಳಿದ, ಚಂದ್ರ ಅವಳಿಗೇ ಉಳಿದ. ಅವರು ಸಂಪೂರ್ಣ ಅಳಿಸಿಹಾಕಿ ಒಂದು ಗೆರೆ ಎಳೆದಿದ್ದ ಜೂನ್ ಒಂದರ ಪುಟದಲ್ಲೂ ಅವರು ಎಳೆದ ಹಾಗೆಯೇ ಗೆರೆ ಎಳೆದೆ. ಎರಡೇ ಪುಟ ಬದಲಿಸಿದೆ.

ಮುಗಿಸಿ ಸುರಪುರಕ್ಕೆ ಒಯ್ದೆ. ಮಾಸ್ತರ ಮಗಳು ಡ್ಯೂಟಿಯಿಂದ ಆಗಷ್ಟೇ ಬಂದಿದ್ದಳು. ಕನ್ನಡಕ ಹಾಕಿಕೊಂಡು ಮೂಲ ಪುಸ್ತಕ ಒಂದು ಕಡೆ, ನನ್ನ ಪ್ರತಿ ಒಂದು ಕಡೆ ಇಟ್ಟು ಒಂದೊಂದೇ ಪುಟ ತಾಳೆ ನೋಡಿದಳು. ಜನವರಿ ಎಂಟಕ್ಕೆ ನಿಂತಳು. ಅಲ್ಲಿ ನಾನು ನನ್ನ ಹೆಸರನ್ನು ನೀಲಿ ಶಾಯಿಯಲ್ಲಿ ಬರೆದಿದ್ದೆ. ಖಾಲಿಯಿದ್ದ ಮೇಲ್ಭಾಗದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು: ‘ತಾಯಿ ಹೇಳಿಕೆ ಸರಿ.’ ಅವಳು ಮೂಲ ಪುಟದ ಪೆನ್ಸಿಲಿನ ಅಕ್ಷರವನ್ನು ಬೆಳಕಿಗೆ ಹಿಡಿದು ಓದಿದಳು. ಅವಳ ಮುಖ ನೋಡಲಾಗದೆ ನಾನು ಗೋಡೆ ನೋಡಿದೆ.

ಪುಟ ತಿರುವುತ್ತ ನವೆಂಬರಿಗೆ ಬಂದಳು. ಇಪ್ಪತ್ತಾರರ ಪುಟದಲ್ಲಿ ಮೇಲೆ ಸಂವಿಧಾನದ ಸಾಲುಗಳು ಅವರು ಬರೆದ ಹಾಗೆಯೇ ಇದ್ದವು. ಕೆಳಗೆ ಬರೀ ಕಾಗದ.

“ಅಣ್ಣಾ, ಇದನ್ನ ಖಾಲಿ ಬಿಟ್ಟೀರಲ್ರಿ?” ಎಂದಳು. “ಅಪ್ಪ ಇಲ್ಲಿ ನಿಮ್ಮನ್ನ ಇಟ್ಟಿದ್ರು.”

“ಇಟ್ಟಿದ್ರವ್ವಾ,” ಎಂದೆ. “ಆದ್ರ ಅವತ್ತು ನಮ್ಮೂರಾಗ ಯಾರೂ ಹುಟ್ಟಿಲ್ಲ.”